ಕೊಡದ ಕೊರಳಲ್ಲಿದ್ದ ಹೆಸರು

ಜನವರಿಯ ಒಂದು ಸಂಜೆ ಸೋದರತ್ತೆಯ ಫೋನ್ ಬಂತು. "ತಮ್ಮಾ, ಹೆಳವರು ಬಂದಾರ. ಲಗೂನ ಬಾ. ಹೋದ್ರ ಮತ್ತ ಯಾವಾಗ ಬರ್ತಾರೋ ಏನೋ." ಅವತ್ತಿನ ರಾತ್ರಿ ಬಸ್ಸಿಗೇ ಬೆಂಗಳೂರಿನಿಂದ ಬಾಗಲಕೋಟೆಗೆ ಹೊರಟೆ. ನಮ್ಮ ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕಿ ಬರೆದಿಡಬೇಕು ಅಂತ ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ಕೆಲಸ ನಿಜವಾಗಿ ಶುರುವಾದದ್ದು ಆ ಫೋನಿನಿಂದ. ಹತ್ತು ತಿಂಗಳು ಹಿಡಿಯಿತು. ಏನು ಮಾಡಿದೆ, ಎಲ್ಲಿ ಕೆಡಿಸಿಕೊಂಡೆ, ಯಾವುದು ಕೈಹಿಡಿಯಿತು ಅಂತ ಇಲ್ಲಿ ಬರೆದಿದ್ದೇನೆ. ಮನೆಯವರ ಹೆಸರುಗಳನ್ನು ಮಾತ್ರ ಬರೆದಿಲ್ಲ, ಅದು ಅತ್ತೆಯ ಮಾತು.

ನಮ್ಮ ಊರು ಘಟಪ್ರಭಾ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಮುಳುಗಡೆಯಾಯಿತು. ಈಗ ಕಾಕಾನ ಮನೆಯೂ ಅತ್ತೆಯ ಮನೆಯೂ ಪುನರ್ವಸತಿ ಕೇಂದ್ರದಲ್ಲಿವೆ. ಅತ್ತೆಯನ್ನು ಕೊಟ್ಟಿದ್ದು ಅದೇ ಊರಿಗೆ, ಹಾಗಾಗಿ ಎರಡು ಮನೆಗೂ ಒಂದೇ ಓಣಿ.

ಹೆಳವರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಆಯಾ ಮನೆತನದ ವಂಶಾವಳಿ ಹೇಳುವವರು ಇವರು. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟರು, ಅಲ್ಲಿಂದ ಈ ವೃತ್ತಿ ಬಂತು ಅಂತ ಅವರಲ್ಲಿ ಕತೆಯಿದೆ. ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಹಳೆಯವರ ಹೆಸರು ಓದಿ ಹೇಳುತ್ತಾರೆ. ಮನೆಯವರು ಜೋಳ, ಬಟ್ಟೆ, ದುಡ್ಡು ಕೊಡುತ್ತಾರೆ.

ನಾನು ಹೋದಾಗ ಕಾಕಾನ ಮನೆಯ ಕಟ್ಟೆಯ ಮೇಲೆ ವಯಸ್ಸಾದ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಅವರ ಮಗ, ಮುಂದೆ ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ. ಫೋಟೋ ತೆಗೆಯಲಾ ಅಂತ ಕೇಳಿದೆ. ಅವರು ಪುಸ್ತಕದ ಮೇಲೆ ಕೈ ಇಟ್ಟರು. "ಬ್ಯಾಡ್ರಿ. ನಿಮಗ ಹೊಲ ಇದ್ದಂಗ ನಮಗ ಇದು." ಅವರ ಮಾತು ಸರಿ. ಆ ಪುಟಗಳು ಫೋನಿನಿಂದ ಫೋನಿಗೆ ಹೋದರೆ ಅವರನ್ನು ಮತ್ಯಾರು ಕರೆಯುತ್ತಾರೆ? ಓದುವುದನ್ನು ರೆಕಾರ್ಡ್ ಮಾಡಿಕೊಳ್ಳಿ ಅಂದರು. ಅಷ್ಟು ಸಾಕಾಗಿತ್ತು.

ಅವರು ಓದುವುದು ಒಂದು ಲಯದಲ್ಲಿ. ಇಂಥವನ ಮಗ ಇಂಥವನು, ಅವನಿಗೆ ಮೂವರು ಗಂಡುಮಕ್ಕಳು, ಹಿರಿಯವನು ಇಂಥ ಊರಿಗೆ ಹೋದ, ನಡುವಿನವನಿಗೆ ಸಂತಾನವಿಲ್ಲ. ಹೀಗೇ ಒಂಬತ್ತು ತಲೆಮಾರು ಬಂತು. ನನ್ನ ಮುತ್ತಜ್ಜನ ಹತ್ತಿರ ಬಂದಾಗ ಅವರು ಸ್ವಲ್ಪ ನಿಧಾನ ಮಾಡಿದರು. "ಧಾತು ಸಂವತ್ಸರದ ಬರದೊಳಗ ಗಂಡ ತೀರಿಕೊಂಡ. ಹೆಣ್ಮಗಳು ಮಗನ ಕೈ ಹಿಡಕೊಂಡು ಹೊಳಿ ದಾಟಿ ಈ ಊರಿಗೆ ಬಂದಳು."

"ಆಕೀ ಹೆಸರೇನ್ರಿ ಅಜ್ಜಾರ?"

ಅವರು ಪುಟದ ಮೇಲೆ ಬೆರಳಾಡಿಸಿದರು. ಹಿಂದಿನ ಪುಟ ನೋಡಿದರು. "ಇದರಾಗ ಹೆಸರಿಲ್ರಿ."

ಒಂಬತ್ತು ತಲೆಮಾರಿನ ಗಂಡಸರ ಹೆಸರು ಸಿಕ್ಕಿತ್ತು. ನಮ್ಮನ್ನು ಈ ಊರಿಗೆ ತಂದವಳ ಹೆಸರೇ ಇರಲಿಲ್ಲ. ಕಟ್ಟೆಯ ಮೇಲೆ ಕೂತ ಹಾಗೇ ತೀರ್ಮಾನ ಮಾಡಿದೆ. ಮೊದಲು ಅವಳ ಹೆಸರು, ಮಿಕ್ಕಿದ್ದೆಲ್ಲ ಆಮೇಲೆ.

ಟ್ರಂಕು

ಕಾಕಾನ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇತ್ತು. ಮುಳುಗಡೆಯಾಗುವಾಗ ಹಳೇ ಮನೆಯಿಂದ ಟ್ರ್ಯಾಕ್ಟರ್‌ನಲ್ಲಿ ತಂದದ್ದು. ದಾರಿಯಲ್ಲಿ ಮಳೆಗೆ ಸಿಕ್ಕಿತ್ತಂತೆ. ಒಳಗೆ ಕಾಗದದ ನಾಲ್ಕು ಗಂಟುಗಳಿದ್ದವು. ಒದ್ದೆಯಾಗಿ ಒಣಗಿ, ಮಡಿಕೆಗಳೆಲ್ಲ ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ಬಿಚ್ಚಲು ಹೋದರೆ ಮುರಿಯುತ್ತಿದ್ದವು.

ಇಂಥ ಕಾಗದವನ್ನು ಬಲವಂತವಾಗಿ ಬಿಚ್ಚಬಾರದು. ತೇವ ಕೊಟ್ಟು ಮೆತ್ತಗೆ ಮಾಡಬೇಕು, ನೀರು ತಾಗಿಸಬಾರದು. ನಾನು ಮಾಡಿದ್ದು ಹೀಗೆ. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಂಡೆ. ತಳದಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಟವೆಲ್ ಹಾಸಿದೆ. ಅದರ ಮೇಲೆ ಪಾತ್ರೆ ಒಣಗಿಸುವ ಜಾಲರಿ ಇಟ್ಟೆ. ಜಾಲರಿಯ ಮೇಲೆ ಮಡಿಸಿದ ಕಾಗದ ಇಟ್ಟು ಮುಚ್ಚಳ ಹಾಕಿದೆ. ಕಾಗದಕ್ಕೆ ನೀರು ಮುಟ್ಟುವುದಿಲ್ಲ, ಹಬೆಯಂಥ ತೇವ ಮಾತ್ರ ಸಿಗುತ್ತದೆ. ನಾಲ್ಕೈದು ಗಂಟೆಯಲ್ಲಿ ಮಡಿಕೆ ತಾನಾಗಿಯೇ ಸಡಿಲವಾಗುತ್ತದೆ. ಆಮೇಲೆ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಮಣೆ, ಮಣೆಯ ಮೇಲೆ ದಪ್ಪ ಪುಸ್ತಕಗಳು. ಬ್ಲಾಟಿಂಗ್ ಪೇಪರ್ ದಿನಕ್ಕೊಮ್ಮೆ ಬದಲಿಸಬೇಕು, ಇಲ್ಲವಾದರೆ ಬೂಸ್ಟು ಬರುತ್ತದೆ. ಮೂರು ದಿನದಲ್ಲಿ ಕಾಗದ ಚಪ್ಪಟೆಯಾಗುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ವರ್ಷಗಳ ಮೇಲೆ ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಬಿಸಿಗೆ ಕಾಗದ ಕೆಡುತ್ತದೆ, ಆಮೇಲೆ ಬಿಚ್ಚಲೂ ಆಗುವುದಿಲ್ಲ.

ಈ ವಿಧಾನದಲ್ಲಿ ಮೊದಲ ಹನ್ನೊಂದು ಕಾಗದ ಚೆನ್ನಾಗಿ ಬಂದವು. ಹನ್ನೆರಡನೆಯದರಲ್ಲಿ ತಪ್ಪು ಮಾಡಿದೆ. ಅದು ಒಂದು ಮದುವೆಯ ಮುಯ್ಯಿ ಪಟ್ಟಿ, ನಮ್ಮ ಕಡೆ ಆಯೇರಿ ಅನ್ನುತ್ತಾರಲ್ಲ, ಅದು. ಬೂದು ಬಣ್ಣದ ಪೆನ್ಸಿಲ್‌ನಲ್ಲಿ ಬರೆದಂತೆ ಕಾಣುತ್ತಿತ್ತು. ಪೆನ್ಸಿಲ್ ತಾನೆ, ಏನೂ ಆಗಲ್ಲ ಅಂದುಕೊಂಡು ಡಬ್ಬಿಗೆ ಹಾಕಿದೆ. ಮುಚ್ಚಳ ತೆಗೆದಾಗ ಮೇಲಿನ ಅರ್ಧ ಪುಟ ನೇರಳೆಯಾಗಿತ್ತು. ಅದು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಸಾದಾ ಪೆನ್ಸಿಲ್ ಥರ ಇರುತ್ತದೆ, ತೇವ ತಾಗಿದರೆ ಬಣ್ಣ ಬಿಟ್ಟು ಹರಡುತ್ತದೆ. ಹಿಂದೆ ಅಂಚೆ, ರೈಲ್ವೆ, ಕಿರಾಣಿ ಅಂಗಡಿ ಎಲ್ಲ ಕಡೆ ಅದನ್ನು ಬಳಸುತ್ತಿದ್ದರು. ಅದಕ್ಕಿಂತ ದೊಡ್ಡ ತಪ್ಪು, ಡಬ್ಬಿಗೆ ಹಾಕುವ ಮೊದಲು ಅದರ ಫೋಟೋ ತೆಗೆದಿರಲಿಲ್ಲ. ಸುಮಾರು ಇಪ್ಪತ್ತು ಜನರ ಹೆಸರು ನನ್ನ ಕೈಯಲ್ಲೇ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಎರಡು ನಿಯಮ ಇಟ್ಟುಕೊಂಡೆ. ಕಾಗದ ಹೇಗಿದೆಯೋ ಹಾಗೇ, ಮಡಿಸಿದ್ದರೆ ಮಡಿಸಿದ ಹಾಗೇ, ಮೊದಲು ಫೋಟೋ. ಆಮೇಲೆ ಒಂದು ಮೂಲೆಯ ಚುಕ್ಕೆಗೆ ಒದ್ದೆ ಹತ್ತಿ ಮುಟ್ಟಿಸಿ ನೋಡುವುದು. ಹತ್ತಿಗೆ ಬಣ್ಣ ಬಂದರೆ ಆ ಕಾಗದ ಡಬ್ಬಿಗೆ ಹೋಗುವುದಿಲ್ಲ.

ಪಟ್ಟಿಯ ಕೆಳಗಿನ ಅರ್ಧ ಉಳಿದಿತ್ತು. ಯಾರ ಮನೆಯಿಂದ ಒಂದು ರೂಪಾಯಿ, ಯಾರಿಂದ ಗುಳೇದಗುಡ್ಡದ ಖಣ, ಯಾರಿಂದ ಸೀರೆ. ಊರುಗಳ ಹೆಸರೂ ಇದ್ದವು. ನೆಂಟಸ್ತಿಕೆ ಎಲ್ಲೆಲ್ಲಿ ಹರಡಿತ್ತು ಅಂತ ತಿಳಿಯಲು ಮುಯ್ಯಿ ಪಟ್ಟಿಯಂಥ ಕಾಗದ ಇನ್ನೊಂದಿಲ್ಲ. ಕೊನೆಯಿಂದ ಮೂರನೇ ಸಾಲು ಹೀಗಿತ್ತು: "ಆಯಿಯಿಂದ, ತಾಮ್ರದ ಕೊಡ 1." ಹುಡುಗಿಯ ಆಯಿ ಅಂದರೆ ಅಜ್ಜಿ. ಆಗ ಆ ಸಾಲನ್ನು ಸುಮ್ನೆ ಬರೆದಿಟ್ಟುಕೊಂಡು ಮುಂದೆ ಹೋದೆ.

ಕಾಲ ಹಚ್ಚುವುದು

ಟ್ರಂಕಿನ ಅರ್ಧದಷ್ಟು ಕಾಗದಗಳಲ್ಲಿ ಇಸವಿ ಇರಲಿಲ್ಲ, ಅಥವಾ ಇದ್ದ ಜಾಗ ಹರಿದಿತ್ತು. ಇಸವಿ ಇಲ್ಲದಿದ್ದರೂ ಕಾಲ ತಿಳಿಯಲು ದಾರಿಗಳಿವೆ.

ಛಾಪಾ ಕಾಗದವಾದರೆ ಮೇಲಿನ ತಲೆ ನೋಡಿ. ವಿಕ್ಟೋರಿಯಾ ರಾಣಿ ಇದ್ದರೆ ಅವಳು ತೀರಿಕೊಂಡ 1901ರ ಆಸುಪಾಸಿಗಿಂತ ಹಿಂದಿನದು. ಗಡ್ಡದ ಬೋಳು ತಲೆಯ ಏಳನೇ ಎಡ್ವರ್ಡ್ ಇದ್ದರೆ 1910ರವರೆಗಿನದು. ಕಿರೀಟ ತೊಟ್ಟ ಗಡ್ಡದ ಐದನೇ ಜಾರ್ಜ್ ಇದ್ದರೆ 1936ರವರೆಗಿನದು. ಗಡ್ಡವಿಲ್ಲದ ಆರನೇ ಜಾರ್ಜ್ ಇದ್ದರೆ ಅದರ ನಂತರದ್ದು. ಹಳೇ ದಾಸ್ತಾನು ಸ್ವಲ್ಪ ಕಾಲ ಮಾರಾಟವಾಗುತ್ತಿತ್ತು, ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಟ್ಟುಕೊಳ್ಳಬೇಕು.

ಸಂವತ್ಸರದ ಹೆಸರಿದ್ದರೆ ಇನ್ನೂ ಸುಲಭ. ಅರವತ್ತು ಸಂವತ್ಸರ, ಪ್ರಭವದಿಂದ ಶುರು. 1987ರ ಯುಗಾದಿಗೆ ಪ್ರಭವ ಬಂದಿತ್ತು. ಅರವತ್ತು ಕಳೆದರೆ 1927, ಇನ್ನೂ ಅರವತ್ತು ಕಳೆದರೆ 1867. ಅಲ್ಲಿಂದ ಎಣಿಸಿಕೊಂಡು ಹೋಗಬಹುದು. ಹೆಳವರ ಅಜ್ಜ ಹೇಳಿದ ಧಾತು ಹತ್ತನೆಯದು, ಅಂದರೆ 1876. ಮುಂದಿನ ಈಶ್ವರ 1877. ನಮ್ಮ ನಾಡಿನಲ್ಲಿ ಧಾತು ಈಶ್ವರದ ಬರ ಅಂತ ಕರೆಯುವುದು ಇದನ್ನೇ. ಸಂವತ್ಸರದ ಪಕ್ಕದಲ್ಲಿ ಶಾಲಿವಾಹನ ಶಕೆಯ ವರ್ಷವೂ ಇದ್ದರೆ ಅದಕ್ಕೆ 78 ಕೂಡಿಸಿ ತಾಳೆ ನೋಡಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಬರೀ ಸಂವತ್ಸರ ನಂಬಿದರೆ ಒಂದು ಇಡೀ ಸುತ್ತು ತಪ್ಪಬಹುದು.

ಶಾಲೆಯ ದಾಖಲೆಗಳನ್ನು ಜಾಸ್ತಿ ನಂಬಬೇಡಿ. ಅತ್ತೆಯ ಶಾಲೆ ಸರ್ಟಿಫಿಕೇಟಿನಲ್ಲಿ ಜೂನ್ 1 ಅಂತಿದೆ. ಕಾಕಾನದೂ ಜೂನ್ 1. ಓಣಿಯ ಅರ್ಧ ಜನರದ್ದು ಜೂನ್ 1. ಶಾಲೆ ಶುರುವಾಗುವ ತಿಂಗಳಿಗೆ ಹೊಂದುವ ಹಾಗೆ ಮಾಸ್ತರರು ಬರೆದುಕೊಂಡದ್ದು ಅದು. ಹಿರಿಯರನ್ನು ಇಸವಿ ಕೇಳುವ ಬದಲು "ಗಾಂಧಿ ತೀರಿಕೊಂಡಾಗ ನೀನು ಎಷ್ಟು ದೊಡ್ಡಾಕಿ ಇದ್ದಿ?" ಅಂತ ಕೇಳಬೇಕು. ಅತ್ತೆ ಕೂಡಲೇ ಹೇಳಿದಳು, "ನಮ್ಮವ್ವ ನನ್ನ ಬಗಲಾಗ ಎತಗೊಂಡಿದ್ಲಂತ. ಊರಾಗ ಎಲ್ಲಾರ ಮನ್ಯಾಗೂ ಒಲಿ ಹೊತ್ತಲಿಲ್ಲಂತ."

ಮೋಡಿ ಪತ್ರ

ಮೂರನೇ ಗಂಟಿನಲ್ಲಿ ಒಂದು ಛಾಪಾ ಕಾಗದ ಸಿಕ್ಕಿತು. ಮೇಲೆ ವಿಕ್ಟೋರಿಯಾ ರಾಣಿ. ಕೆಳಗೆ ಕಪ್ಪು ಶಾಯಿಯಲ್ಲಿ ಹಾವು ಹರಿದಂತೆ ಬರಹ. ನನಗೆ ಒಂದು ಅಕ್ಷರವೂ ಗೊತ್ತಾಗಲಿಲ್ಲ. ಅದು ಮೋಡಿ, ಮರಾಠಿಯನ್ನು ವೇಗವಾಗಿ ಬರೆಯಲು ಬಳಸುತ್ತಿದ್ದ ಲಿಪಿ. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಹಳೇ ಸಾಲಪತ್ರ, ಕರಾರು ಪತ್ರ ಎಷ್ಟೋ ಇದರಲ್ಲಿವೆ. ಮೊದಲು ಪುಟದ ಅಗಲಕ್ಕೂ ಒಂದು ಗೆರೆ ಎಳೆದು, ಆ ಗೆರೆಗೆ ಅಕ್ಷರಗಳನ್ನು ತೂಗುಹಾಕಿದ ಹಾಗೆ ಬರೆಯುತ್ತಾರೆ. ಲೇಖನಿ ಎತ್ತುವುದು ಕಡಿಮೆ. ಹ್ರಸ್ವ ದೀರ್ಘದ ಲೆಕ್ಕ ಇಡುವುದಿಲ್ಲ. ಮನೆಯಲ್ಲಿ ಇಂಥ ಕಾಗದ ಸಿಕ್ಕರೆ ಅರ್ಥವಾಗಲಿಲ್ಲ ಅಂತ ದಯವಿಟ್ಟು ಎಸೆಯಬೇಡಿ. ಓದುವವರು ಇದ್ದಾರೆ. ಬೆಳಗಾವಿ ಕಡೆ, ಪುಣೆ ಕಡೆ ಕೇಳಿದರೆ ಸಿಗುತ್ತಾರೆ.

ನನಗೆ ಬೆಳಗಾವಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ಭೂತಗನ್ನಡಿ ಹಿಡಿದು ಮುಕ್ಕಾಲು ಗಂಟೆ ನೋಡಿದರು. ಆಮೇಲೆ ಒಂದೊಂದೇ ಸಾಲು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಶಕೆ 1800, ಬಹುಧಾನ್ಯ ನಾಮ ಸಂವತ್ಸರ. ಜಿಲ್ಲೆ ಕಲಾದಗಿ. ಎತ್ತು ಕೊಳ್ಳಲು ಮೂವತ್ತು ರೂಪಾಯಿ ಸಾಲ.

ಕೂತಲ್ಲೇ ಲೆಕ್ಕ ಹಾಕಿದೆ. 1800ಕ್ಕೆ 78 ಕೂಡಿಸಿದರೆ 1878. ಬಹುಧಾನ್ಯ ಹನ್ನೆರಡನೆಯದು, ಅದೂ 1878. ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಹೋದದ್ದು 1885ರಲ್ಲಿ. ಕಲಾದಗಿ ಜಿಲ್ಲೆ ಅಂತ ಬರೆದಿದ್ದಾರೆ ಅಂದರೆ ಅದಕ್ಕಿಂತ ಹಿಂದಿನದು. ಮೂರು ಕಡೆಯಿಂದಲೂ ತಾಳೆಯಾಯಿತು. ಬರ ಮುಗಿದ ವರ್ಷವೇ ಈ ಸಾಲ. ಆ ಬರದಲ್ಲಿ ಕಲಾದಗಿ ಜಿಲ್ಲೆ ಅನುಭವಿಸಿದ್ದು ಸಣ್ಣದಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಅಲ್ಲಿನ ಜನಸಂಖ್ಯೆಯಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು ಇಲ್ಲವಾಗಿತ್ತು. ಸತ್ತವರು ಸತ್ತರು, ಉಳಿದವರು ಊರು ಬಿಟ್ಟರು.

ಸಾಲ ತಗೊಂಡವರ ಹೆಸರು ಸರಿಯಾಗಿ ಮಡಿಕೆಯ ಮೇಲೇ ಇತ್ತು. ಮಡಿಕೆ ಮುರಿದು, ಹುಳ ತಿಂದು, ಕಡಲೆಕಾಳಿನಷ್ಟು ತೂತು ಬಿದ್ದಿತ್ತು. ತೂತಿನ ಆಚೆ ಉಳಿದದ್ದು "ವಾ ಕೋಂ" ಅಂತ ಮಾತ್ರ, ಆಮೇಲೆ ಒಬ್ಬ ಗಂಡಸಿನ ಹೆಸರು. ಕೋಂ ಅಂದರೆ ಇಂಥವನ ಹೆಂಡತಿ. ಆ ಗಂಡಸಿನ ಹೆಸರು ಹೆಳವರ ಪುಸ್ತಕದಲ್ಲಿ ಬರದಲ್ಲಿ ತೀರಿಕೊಂಡವನದ್ದೇ. ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ಅವ್ವ ಅಂತ ಮುಗಿಯುತ್ತದಲ್ಲ, ಮರಾಠಿ ಬರೆಯುವವರು ಅದನ್ನು ವಾ ಅಂತ ಬರೆಯುತ್ತಿದ್ದರು. ಅವಳೇ. ಹೆಸರಿನ ಬಾಲ ಸಿಕ್ಕಿತ್ತು, ತಲೆ ತೂತಿನಲ್ಲಿ ಹೋಗಿತ್ತು.

ಕಾಗದದ ಕೆಳಗೆ ಬಲಗಡೆ ಒಂದು ಸಣ್ಣ ವೃತ್ತ ಇತ್ತು. ಸೊನ್ನೆಯೋ ಲೋಟದ ಕಲೆಯೋ ಅಂದುಕೊಂಡಿದ್ದೆ. ಮಾಸ್ತರರು ಅದರ ಮೇಲೆ ಭೂತಗನ್ನಡಿ ಇಟ್ಟು ನನ್ನನ್ನು ಕರೆದರು. "ಇದು ಕಲಿ ಅಲ್ಲರಿ, ಬಳಿ. ಹೆಣ್ಮಗಳ ಸಹಿ ಇದು. ಬಾಜೂಕ ನೋಡ್ರಿ, ನಿಶಾಣಿ ಬಾಂಗಡಿ ಅಂತ ಬರದಾರ." ಬರೆಯಲು ಬಾರದ ರೈತ ನೇಗಿಲಿನ ಗುರುತು ಹಾಕುತ್ತಿದ್ದ. ಹೆಂಗಸು ಬಳೆಯ ಗುರುತು ಹಾಕುತ್ತಿದ್ದಳು. ವೃತ್ತ ಪೂರ್ತಿ ಕೂಡಿರಲಿಲ್ಲ. ಶುರುವಾದ ಜಾಗದಲ್ಲಿ ಶಾಯಿ ದಪ್ಪ, ಮುಗಿಯುವ ಹೊತ್ತಿಗೆ ತೆಳುವಾಗಿ, ಒಂದು ಎಳ್ಳಿನಷ್ಟು ಸಂದು ಉಳಿದಿತ್ತು. ಲೇಖನಿ ಹಿಡಿದು ರೂಢಿಯಿಲ್ಲದ ಕೈ. ಗಂಡನನ್ನು ಕಳಕೊಂಡು, ಮಗನ ಕೈ ಹಿಡಿದು ಹೊಳೆ ದಾಟಿ ಬಂದ ಕೈ. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ. ಮಾಸ್ತರರೂ ಏನೂ ಮಾತಾಡಲಿಲ್ಲ.

ಪಹಣಿ, ವಾರಸಾ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಐದು ಸಲ ಹೋದೆ. ಈಗಿನ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ, ಆದರೆ ವಂಶ ಹುಡುಕುವವರಿಗೆ ಬೇಕಾದ್ದು ಹಳೇ ಕೈಬರಹದ ಉತಾರ, ಅಂದರೆ ಪಹಣಿಯ ಪ್ರತಿ, ಮತ್ತು ಮುಖ್ಯವಾಗಿ ಹಕ್ಕು ಬದಲಾವಣೆಯ ನೋಂದಣಿ, ನಮ್ಮ ಕಡೆ ಡೈರಿ ಅನ್ನುತ್ತಾರೆ. ಮನೆಯ ಯಜಮಾನ ತೀರಿಕೊಂಡಾಗ ವಾರಸಾ ಡೈರಿಯಲ್ಲಿ ಯಾರು ಯಾರು ವಾರಸುದಾರರು ಅಂತ ಬರೆಯುತ್ತಾರೆ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯ ಮೇಲಿರುವ ಡೈರಿ ನಂಬರ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗಬಹುದು. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮುಳುಗಡೆಯಾದ ಊರಿನವರಿಗೆ ಇನ್ನೊಂದು ದಾರಿ, ಭೂಸ್ವಾಧೀನದ ಅವಾರ್ಡ್, ಅಂದರೆ ಪರಿಹಾರದ ಆದೇಶದ ಪ್ರತಿ. ನಮ್ಮ ಮನೆಯ ಅಳತೆ, ಹಿತ್ತಲಿನ ಬೇವಿನ ಮರ, ಬಾವಿ ಎಲ್ಲ ಅದರಲ್ಲಿತ್ತು.

ಮುತ್ತಜ್ಜ ತೀರಿಕೊಂಡಾಗಿನ ವಾರಸಾದಲ್ಲಿ ಇಬ್ಬರು ಗಂಡುಮಕ್ಕಳ ಹೆಸರಿದೆ. ಅವನಿಗೆ ಮೂವರು ಹೆಣ್ಣುಮಕ್ಕಳಿದ್ದರು, ಅದು ಮುಯ್ಯಿ ಪಟ್ಟಿಯಿಂದ ಮತ್ತು ಅತ್ತೆಯ ಬಾಯಿಂದ ಗೊತ್ತು, ಡೈರಿಯಲ್ಲಿ ಒಬ್ಬಳೂ ಇಲ್ಲ. ನಮ್ಮ ರಾಜ್ಯದಲ್ಲಿ ಮಗಳಿಗೂ ಮಗನ ಹಾಗೇ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಕಾಕಾ ಮಾಡಿಸಿದ ಇತ್ತೀಚಿನ ವಾರಸಾದಲ್ಲಿ ಅತ್ತೆಯ ಹೆಸರು ಇದೆ. ನಮ್ಮ ಮನೆಯ ಜಮೀನಿನ ಕಾಗದದಲ್ಲಿ ಬಂದ ಮೊದಲ ಹೆಣ್ಣಿನ ಹೆಸರು ಅವಳದ್ದೇ. ಆಸ್ತಿ ಇದ್ದ ಕಡೆ ಮಾತ್ರ ಹೆಸರು ಹುಡುಕಿದರೆ ಹೆಂಗಸರು ಸಿಗುವುದಿಲ್ಲ. ಅವರನ್ನು ಬೇರೆ ಕಡೆ ಹುಡುಕಬೇಕು. ಇದು ನನಗೆ ರೆಕಾರ್ಡ್ ರೂಮಿನ ಬೆಂಚಿನ ಮೇಲೆ ಕೂತಾಗ ಹೊಳೆಯಿತು.

ಮರ ಬರೆಯುವುದು

ಹೆಸರುಗಳನ್ನು ಹಾಕಲು ಗ್ರ್ಯಾಂಪ್ಸ್ ಅನ್ನುವ ಸಾಫ್ಟ್‌ವೇರ್ ಬಳಸಿದೆ. ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೇ ಹೆಸರು ಹಾಕಬಹುದು, ಪ್ರತಿ ಹೆಸರಿಗೂ ಯಾವ ಕಾಗದದಿಂದ ಬಂತು ಅಂತ ಆಧಾರ ಕಟ್ಟಬಹುದು. ಆಧಾರ ಕಟ್ಟುವುದನ್ನು ಮೊದಲ ದಿನದಿಂದಲೇ ಮಾಡಿ. ನಾನು ಮಾಡದೆ ಎರಡು ವಾರದ ಕೆಲಸ ಮತ್ತೆ ಮಾಡಿದೆ.

ನಮ್ಮಲ್ಲಿ ಎರಡು ತೊಡಕು ಬರುತ್ತವೆ. ಒಂದು, ಮೊಮ್ಮಗನಿಗೆ ಅಜ್ಜನ ಹೆಸರು, ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುವ ರೂಢಿ. ನಮ್ಮ ಮನೆಯಲ್ಲಿ ಒಂದೇ ಹೆಸರಿನ ಮೂವರು ಗಂಡಸರು, ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಾರೆ. ಡೈರಿಯಲ್ಲಿ ಇರುವವನು ಯಾರು ಅಂತ ಅಪ್ಪನ ಹೆಸರು ನೋಡದೆ ಹೇಳಲಾಗುವುದಿಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ತಲೆಮಾರಿನ ಅಂಕೆ ಹಚ್ಚಿದೆ.

ಇನ್ನೊಂದು, ಅಕ್ಕನ ಮಗಳನ್ನು ತಂದುಕೊಳ್ಳುವುದು. ನನ್ನ ಅಜ್ಜ ತನ್ನ ಹಿರಿಯ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಹಾಗಾಗಿ ಮುತ್ತಜ್ಜ ನನ್ನ ಅಪ್ಪನಿಗೆ ಅಪ್ಪನ ಕಡೆಯಿಂದ ಅಜ್ಜ, ಅವ್ವನ ಕಡೆಯಿಂದ ಮುತ್ತಜ್ಜ. ಕಂಪ್ಯೂಟರಿನ ಚಿತ್ರದಲ್ಲಿ ಅವನು ಎರಡು ಕಡೆ ಬಂದ. ತಿದ್ದಲು ಬಹಳ ಒದ್ದಾಡಿದೆ. ಕೊನೆಗೆ ದೊಡ್ಡ ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಕೈಯಲ್ಲೇ ಬರೆದೆ. ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಅತ್ತೆಗೆ ಕಂಪ್ಯೂಟರಿನದಕ್ಕಿಂತ ಇದೇ ಬೇಗ ಅರ್ಥವಾಯಿತು. ನೆಲದ ಮೇಲೆ ಹಾಸಿದ ಶೀಟಿನ ಮುಂದೆ ಕೂತು, ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. ಮೇಲೆ ಹೆಸರಿಲ್ಲದ ಆ ಹೆಣ್ಣು. ಅವಳ ಮಗ ಮುತ್ತಜ್ಜ. ಅವನ ಹಿರಿಯ ಮಗಳು, ಆ ಮುಯ್ಯಿ ಪಟ್ಟಿ ಇವಳ ಮದುವೆಯದ್ದು. ಇವಳ ಮಗಳು ನನ್ನ ಅಜ್ಜಿ. ಅಜ್ಜಿಯ ಹಿರಿಯ ಮಗಳು ಅತ್ತೆ.

ಆಗ ನನಗೆ ಕೊಡದ ಸಾಲು ನೆನಪಾಯಿತು. ಆಯಿ ಮೊಮ್ಮಗಳಿಗೆ ಕೊಟ್ಟ ಕೊಡ. ಮೊಮ್ಮಗಳು ಅದನ್ನು ಗಂಡನ ಮನೆಗೆ ಒಯ್ದಿರುತ್ತಾಳೆ. ಅವಳ ಮಗಳು ತಿರುಗಿ ನಮ್ಮ ಮನೆಗೇ ಸೊಸೆಯಾಗಿ ಬಂದಳಲ್ಲವಾ?

"ಅತ್ತಿ, ನಿಮ್ಮವ್ವ ತವರಿಂದ ತಂದ ತಾಮ್ರದ ಕೊಡ ಏನರ ಇತ್ತೇನು?"

"ಇತ್ತೇನು ಅಂತ ಏನ್ ಕೇಳ್ತಿ, ಐತಿ. ನನ್ನ ಮದುವ್ಯಾಗ ನಮ್ಮವ್ವ ನನಗ ಕೊಟ್ಟಾಳ. ಅಟ್ಟದ ಮ್ಯಾಲ ಐತಿ ನೋಡು."

ಕೊಡ

ಕಪ್ಪು ಹಿಡಿದು, ಒಂದು ಕಡೆ ತಗ್ಗು ಬಿದ್ದಿತ್ತು. ಒಳಗೆ ಕಲಾಯಿ ಸವೆದಿತ್ತು. ತಳಕ್ಕೆ ಎರಡು ಕಡೆ ಬೆಸುಗೆ. ಕೊರಳಿನ ಕೆಳಗೆ ಹೆಗಲಿನ ಮೇಲೆ ಬೆರಳಾಡಿಸಿದೆ. ಒಂದು ಕಡೆ ಒರಟು ತಾಗಿತು.

ಹಿಂದೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸಿಯೇ ಕೊಡುತ್ತಿದ್ದರು. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ. ಮದುವೆ ಮನೆಯಲ್ಲಿ ಪಾತ್ರೆ ಅದಲು ಬದಲಾಗಬಾರದು ಅಂತಲೂ ಹೌದು, ಯಾರು ಕೊಟ್ಟರು ಅಂತ ಉಳಿಯಬೇಕು ಅಂತಲೂ ಹೌದು. ನಿಮ್ಮ ಮನೆಯ ಹಂಡೆ, ಪರಾತ, ಚರಿಗೆಗಳ ಅಂಚನ್ನು ಒಮ್ಮೆ ನೋಡಿ.

ಅತ್ತೆ ಬೂದಿ ಮತ್ತು ನಾರು ತಂದಳು. ನಾನು ಬೇಡ ಅಂದೆ. ಗಸಗಸ ತಿಕ್ಕಿದರೆ ಉಳಿದ ಚುಕ್ಕೆಯೂ ಸವೆಯುತ್ತದೆ. ಮೊದಲು ಹಾಗೇ ಫೋಟೋ ತೆಗೆದೆ. ಆಮೇಲೆ ನೆನೆಸಿದ ಹುಣಸೆಹಣ್ಣಿನ ತಿಳಿಯಲ್ಲಿ ಹತ್ತಿ ಬಟ್ಟೆ ಅದ್ದಿ, ಆ ಜಾಗಕ್ಕೆ ಮಾತ್ರ ಮೆತ್ತಗೆ ಒತ್ತಿ ಒತ್ತಿ ತೆಗೆದೆ. ನೀರಿನಲ್ಲಿ ಒರೆಸಿ ಒಣಗಿಸಿದೆ. ತಾಮ್ರ ಕೆಂಪಗೆ ಬಂತು, ಅಕ್ಷರ ಮಾತ್ರ ಇನ್ನೂ ಕಾಣಲಿಲ್ಲ. ಎದುರಿನಿಂದ ಬೆಳಕು ಬಿಟ್ಟರೆ ಬರೀ ಹೊಳಪು.

ಸಂಜೆಯಾಗುವವರೆಗೆ ಕಾದು, ಬಾಗಿಲು ಕಿಟಕಿ ಹಾಕಿ, ಫೋನಿನ ಟಾರ್ಚನ್ನು ಕೊಡದ ಮೈಗೆ ತಾಗಿದ ಹಾಗೆ ಪಕ್ಕದಿಂದ ಹಿಡಿದೆ. ಅಡ್ಡ ಬೆಳಕಿಗೆ ಪ್ರತಿ ಚುಕ್ಕೆಯ ಒಂದು ಬದಿಗೆ ನೆರಳು ಬಿತ್ತು. ಅಕ್ಷರಗಳು ಎದ್ದು ನಿಂತವು. ಪೂರ್ತಿ ಅಲ್ಲ. ತಗ್ಗು ಬಿದ್ದ ಕಡೆ ಎರಡು ಅಕ್ಷರ ಮಸುಕು. ಅಲ್ಲಿಗೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲಿನ ಅಗಲ ಬದಿಯಿಂದ ಹಗುರವಾಗಿ ಉಜ್ಜಿದೆ. ಕಾಗದದ ಮೇಲೆ ಕಪ್ಪಿನ ನಡುವೆ ಬಿಳಿ ಚುಕ್ಕೆಗಳು ಬಂದವು. ಚುಕ್ಕೆ ಸೇರಿಸಿ ಓದಿದೆ. ಅವ್ವ ಅಂತ ಮುಗಿಯುವ ಒಂದು ಹೆಸರು. ಆಮೇಲೆ ಕೋಂ. ಆಮೇಲೆ ಬರದಲ್ಲಿ ತೀರಿಕೊಂಡವನ ಹೆಸರು. ಮೋಡಿ ಪತ್ರದಲ್ಲಿ ತೂತು ಬಿದ್ದಿದ್ದ ಜಾಗ ಇಲ್ಲಿ ತುಂಬಿತ್ತು.

ನಾನು ಓದಿದ್ದು ಸರಿಯೋ ಇಲ್ಲವೋ ಅಂತ ಎರಡನೇ ಸಲ ಉಜ್ಜಿದೆ. ಮೂರನೇ ಸಲ ಅತ್ತೆಯ ಮೊಮ್ಮಗಳ ಕೈಯಲ್ಲಿ ಕಾಗದ ಕೊಟ್ಟು, ಏನೂ ಹೇಳದೆ ಓದು ಅಂದೆ. ಏಳನೇ ಇಯತ್ತೆಯ ಹುಡುಗಿ. ಚುಕ್ಕೆಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ತಲೆ ಎತ್ತಿ, "ಇದು ನಮ್ಮ ಆಯೀ ಹೆಸರಲ್ಲಾ?" ಅಂದಳು.

ಅದು ಅತ್ತೆಯ ಹೆಸರೇ ಆಗಿತ್ತು. ಅಕ್ಷರ ಅಕ್ಷರವೂ ಅದೇ. ನನ್ನ ಅಜ್ಜ ತನ್ನ ಮೊದಲ ಮಗಳಿಗೆ ತನ್ನ ಅಜ್ಜಿಯ ಹೆಸರಿಟ್ಟಿದ್ದ. ಅವನು ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲವೋ, ಹೇಳಿದ್ದು ಮರೆತುಹೋಗಿತ್ತೋ. ಗುಡ್ಡದ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರು ಅಂತಲೇ ಅತ್ತೆ ಇಷ್ಟು ವರ್ಷ ತಿಳಿದುಕೊಂಡಿದ್ದಳು.

ಅತ್ತೆ ಕನ್ನಡಕ ಹಾಕಿಕೊಳ್ಳಲಿಲ್ಲ. ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಆ ಚುಕ್ಕೆಗಳನ್ನು ಮುಟ್ಟುತ್ತಾ ಕೂತಳು. "ನನ್ನ ಕೊಡದ ಮ್ಯಾಲ ನನ್ನ ಹೆಸರ ಐತಿ ಅಂತ ಮಾಡಿದ್ದೆ. ಮದುವ್ಯಾಗ ನನ್ನ ಹೆಸರ ಹಾಕ್ಸ್ಯಾರ ಅಂತ." ಸ್ವಲ್ಪ ಹೊತ್ತು ಬಿಟ್ಟು, "ಆಕೀ ಕೊಡಾನ ಇದು. ಬರದಾಗ ಬಂದಾಕಿ, ನೋಡು. ತಾಮ್ರದ ಕೊಡ ಕೊಡುವಷ್ಟು ಆದ್ಲು," ಅಂದಳು.

ಈಗ ಕೊಡ ಅಟ್ಟದ ಮೇಲಿಲ್ಲ. ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಪಕ್ಕ ಇಟ್ಟಿದ್ದಾಳೆ. ಕಲಾಯಿ ಹಾಕಿಸಬೇಕು ಅಂತಿದ್ದಾಳೆ. ಹೊರಗಿನ ಮೈಯನ್ನು ಮಾತ್ರ ಮುಟ್ಟಬೇಡ ಅಂತ ಕಲಾಯಿಯವನಿಗೆ ಹೇಳಲು ನನಗೆ ಒಪ್ಪಿಸಿದ್ದಾಳೆ. ಚಪ್ಪಟೆ ಮಾಡಿದ ಕಾಗದಗಳನ್ನು ಒಂದೊಂದಾಗಿ ಆ್ಯಸಿಡ್ ಇಲ್ಲದ ಹಾಳೆಯಲ್ಲಿ ಇಟ್ಟು, ರಟ್ಟಿನ ಪೆಟ್ಟಿಗೆಗೆ ಹಾಕಿದ್ದೇನೆ. ಫೋಟೋಗಳು ಮೂರು ಮನೆಯಲ್ಲಿ ಮೂರು ಪ್ರತಿ ಇವೆ. ಮೋಡಿ ಪತ್ರದ ಬಳೆ ಗುರುತಿನ ಫೋಟೋ ದೊಡ್ಡದಾಗಿ ಮಾಡಿಸಿ ಅತ್ತೆಗೆ ಕೊಟ್ಟೆ.

ಆ ರಾತ್ರಿಯೇ ಅತ್ತೆ ಅಂದಳು, "ಹೆಳವರ ಅಜ್ಜಗ ಫೋನ್ ಹಚ್ಚು." ನಂಬರ್ ನನ್ನ ಹತ್ತಿರ ಇತ್ತು. ಅವರು ಬೇರೆ ಜಿಲ್ಲೆಯ ಯಾವುದೋ ಊರಿನಲ್ಲಿದ್ದರು, ಹಿಂದೆ ದನದ ಗಂಟೆಯ ಸದ್ದು ಕೇಳುತ್ತಿತ್ತು. ವಿಷಯ ಹೇಳಿದೆ. "ಒಂದೀಟ್ ತಡೀರಿ," ಅಂದರು. ಪುಸ್ತಕ ಬಿಚ್ಚುವ ಸದ್ದು ಬಂತು. ಅತ್ತೆ ಫೋನನ್ನು ನನ್ನ ಕೈಯಿಂದ ತಗೊಂಡು, ತನ್ನದೇ ಹೆಸರನ್ನು ಅಕ್ಷರ ಬಿಡಿಸಿ ನಿಧಾನವಾಗಿ ಹೇಳಿದಳು. ಅವರು ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ, ನಾವು ಕೇಳದೆಯೇ, ಆ ಸಾಲನ್ನು ಮೊದಲಿನಿಂದ ಅದೇ ಲಯದಲ್ಲಿ ಓದಿದರು, ಈ ಸಲ ಹೆಸರು ಸೇರಿಸಿ.